ಬಾಗಿಲ ಮುಂದಿನ ಅರವತ್ತು ನಿಮಿಷ

ಒಂದು ಹನಿ ಮೂತ್ರವನ್ನು ಬೆಳಕಿಗೆ ಹಿಡಿದು, ಅದರ ಒಡೆಯ ಮೊನ್ನೆ ಏನು ನುಂಗಿದ, ನಿನ್ನೆ ಯಾರಿಗೆ ಸುಳ್ಳು ಹೇಳಿದ, ನಾಳಿನ ಓಟದಲ್ಲಿ ಎಷ್ಟನೆಯವನಾಗಿ ಬರುತ್ತಾನೆ ಎಂದು ಹೇಳಬಲ್ಲ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ ಇದ್ದಾನೆ. ಆ ಮನುಷ್ಯ ಅಂದು ಬೆಳಿಗ್ಗೆ ಐದು ಐವತ್ತೆಂಟಕ್ಕೆ, ಮೂರನೆಯ ಮಹಡಿಯ ಕೊನೆಯ ಮನೆಯ ಮುಂದೆ ಮೊಣಕಾಲೂರಿ ಕೂತು, ಕಾಲಿಂಗ್ ಬೆಲ್ಲಿನ ಗುಂಡಿಯನ್ನು ಭೂತಗನ್ನಡಿಯಲ್ಲಿ ನೋಡುತ್ತಿದ್ದ.

ನಾನೇ ಅವನು. ಕ್ರೀಡಾಲೋಕ ನನ್ನನ್ನು ಪ್ರೀತಿಯಿಂದ, ಭಯದಿಂದ, ಬೆನ್ನ ಹಿಂದೆ, ‘ಬಾಟ್ಲಿ ಸಾರ್’ ಎನ್ನುತ್ತದೆ.

"ಏನಾದ್ರೂ ಸಿಕ್ತಾ?" ಎಂದರು ಹಿಂದೆ ನಿಂತಿದ್ದ ಮೇಡಂ. ಉದ್ದೀಪನ ಮದ್ದು ತಡೆಯುವ ನಮ್ಮ ಸಂಸ್ಥೆಯಲ್ಲಿ ಪರೀಕ್ಷಾ ವಿಭಾಗಕ್ಕೆ ಅವರೇ ಯಜಮಾನಿ. ಆಕಳಿಸುವಾಗಲೂ ಸಮಯ ನೋಡಿಕೊಂಡು ಆಕಳಿಸುವವರು.

"ಪಿತೂರಿ ಸಿಕ್ಕಿದೆ ಮೇಡಂ. ಈ ಗುಂಡಿ ಮೇಲೆ ಯಾರೋ ಬೆರಳಿಟ್ಟಿದ್ದಾರೆ."

"ಬೆಲ್ ಗುಂಡಿ ಮೇಲೆ ಬೆರಳಿಡದೆ ಇನ್ನೆಲ್ಲಿಡ್ತಾರೆ?"

ದೊಡ್ಡ ಪತ್ತೇದಾರರಿಗೆ ಇಂಥ ಮೇಲಧಿಕಾರಿಗಳೇ ಸಿಗುವುದು.

ಮೊದಲ ಬಾರಿಗೆ ಓದುತ್ತಿರುವವರಿಗೆ ಒಂದೇ ಮಾತು: ಈ ಮನೆಯ ಹುಡುಗ, ಎಂಟುನೂರು ಮೀಟರ್ ಓಟಗಾರ ‘ಚಿಗರಿ’, ಮೂರನೆಯ ಸಲ ಪರೀಕ್ಷೆಗೆ ಸಿಕ್ಕಿಲ್ಲವೆಂದು ಹನ್ನೊಂದು ದಿನದ ಹಿಂದೆ ಬರೆದವನು ನಾನು, ಆ ಬರಹ ಹಾಗೇ ಉಳಿದರೆ ಹುಡುಗನಿಗೆ ಎರಡು ವರ್ಷ ಮೈದಾನ ಬಂದ್.

ನಮ್ಮ ಕೆಲಸದ ಕಟ್ಟುಪಾಡು ಹೀಗಿದೆ. ಪ್ರತಿಯೊಬ್ಬ ದೊಡ್ಡ ಕ್ರೀಡಾಪಟುವೂ ದಿನಕ್ಕೊಂದು ಗಂಟೆ ತಾನು ಎಲ್ಲಿರುತ್ತೇನೆಂದು ಮೊದಲೇ ಬರೆದುಕೊಡಬೇಕು. ಆ ಗಂಟೆಯಲ್ಲಿ ನಾವು ಹೇಳದೆ ಕೇಳದೆ ಹೋಗಿ ಬಾಗಿಲು ತಟ್ಟುತ್ತೇವೆ. ಮನುಷ್ಯ ಸಿಕ್ಕರೆ ಬಾಟಲಿ ತುಂಬಬೇಕು. ಸಿಗದಿದ್ದರೆ ಪೂರ್ತಿ ಅರವತ್ತು ನಿಮಿಷ ಕಾದು, ಆಮೇಲೆ ಫಾರಂ ಬರೆಯಬೇಕು. ವರ್ಷದೊಳಗೆ ಅಂಥ ಮೂರು ಫಾರಂ ಆದರೆ ಕಥೆ ಮುಗಿಯಿತು.

ಚಿಗರಿ ಬರೆದುಕೊಟ್ಟಿದ್ದು ಬೆಳಿಗ್ಗೆ ಆರರಿಂದ ಏಳು, ಇದೇ ಮನೆ. ಮೊದಲ ಸಲ ಅಕ್ಕನ ಊರಿಗೆ ಹೋದವನು ತಿಳಿಸಲು ಮರೆತಿದ್ದ. ಎರಡನೆಯ ಸಲ ಕಿವಿಗೆ ಹತ್ತಿ ತುರುಕಿಕೊಂಡು ಮಲಗಿದ್ದ. ಎರಡನ್ನೂ ಅವನೇ ಒಪ್ಪಿಕೊಂಡಿದ್ದ. ಮೂರನೆಯದನ್ನು ಮಾತ್ರ ಒಪ್ಪುತ್ತಿರಲಿಲ್ಲ. ‘ನಾನು ಮನೆಯಲ್ಲೇ ಇದ್ದೆ, ಯಾರೂ ಬರಲಿಲ್ಲ’ ಎಂದು ನಾಲ್ಕು ಸಾಲು ಬರೆದು ಕಳಿಸಿದ್ದ. ಭಾನುವಾರ ತಂಡದ ಆಯ್ಕೆಯ ಓಟ. ಇಂದು ಗುರುವಾರ. ಸಂಜೆಯೊಳಗೆ ಮೇಡಂ ತೀರ್ಮಾನ ಬರೆಯಬೇಕು.

ನಾನು ಬಂದಿದ್ದೆ. ಕಂಬದ ಹಾಗೆ ಅರವತ್ತು ನಿಮಿಷ ನಿಂತಿದ್ದೆ. ನಿಂತ ರಭಸಕ್ಕೆ ನೆಲದ ಹಾಸುಗಲ್ಲಿನಲ್ಲಿ ನನ್ನ ಪಾದದ ಗುರುತು ಬಿದ್ದಿರಬೇಕು. ಹಾಗಾದರೆ ಒಳಗಿದ್ದ ಹುಡುಗನಿಗೆ ಬೆಲ್ ಕೇಳಿಸದ ಹಾಗೆ ಮಾಡಿದವರು ಯಾರು? ಇದು ನನ್ನ ಪ್ರಶ್ನೆ. ಶಂಕಿತರು ಮೂವರು: ಬೆಲ್ಲು, ಹುಡುಗನ ಅಜ್ಜಿಯ ಕಿವಿ, ಮತ್ತು ಹುಡುಗನ ಕೋಚ್.

"ಒತ್ತಿ ನೋಡೋಣ," ಎಂದರು ಮೇಡಂ.

ಒತ್ತಿದೆ. ಬೆಲ್ಲು ರೈಲು ಬಂದಂತೆ ಕಿರುಚಿತು. ಎದುರುಮನೆಯ ನಾಯಿ ಎದ್ದಿತು, ಅದರ ಯಜಮಾನನೂ ಎದ್ದ.

"ಅವತ್ತೂ ಹೀಗೇ ಹೊಡ್ಕೊಂಡಿತಾ?"

"ಇದಕ್ಕಿಂತ ಜೋರು ಮೇಡಂ. ಆರು ಸಲ ಒತ್ತಿದೆ, ಹತ್ತು ನಿಮಿಷಕ್ಕೊಂದು ಸಲ. ಕಟ್ಟಡ ನಡುಗಿತು. ನನ್ನ ಕಿವಿ ಎರಡು ದಿನ ಗುಯ್‌ಗುಡ್ತಿತ್ತು."

ಮೇಡಂ ಮೆಟ್ಟಿಲ ಪಕ್ಕದ ಮೀಟರ್ ಹಲಗೆಯ ಹತ್ತಿರ ಹೋದರು. ಅಲ್ಲಿ ಅಂಟಿಸಿದ್ದ ಹಳೆಯ ಕಾಗದವೊಂದನ್ನು ಓದಿದರು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು.

"ಇಲ್ಲಿ ಬನ್ನಿ. ನೀವು ಬಂದಿದ್ದು ಒಂಬತ್ತನೇ ತಾರೀಖು ತಾನೆ?"

"ನಿಸ್ಸಂಶಯವಾಗಿ ಒಂಬತ್ತು."

"ಒಂಬತ್ತನೇ ತಾರೀಖು ಲೈನ್ ರಿಪೇರಿ. ಬೆಳಿಗ್ಗೆ ಐದೂವರೆಯಿಂದ ಏಳು ಗಂಟೆವರೆಗೆ ಈ ಬೀದಿಗೆಲ್ಲ ಕರೆಂಟ್ ಇರಲಿಲ್ಲ."

ಸಾಮಾನ್ಯ ಮನುಷ್ಯನಾಗಿದ್ದರೆ ಅಲ್ಲೇ ಕುಸಿಯುತ್ತಿದ್ದ. ನಾನು ಕಣ್ಣು ಕಿರಿದು ಮಾಡಿ, "ಹಾ! ಅಂದರೆ ಬೆಲ್ಲನ್ನ ಸಂಶಯದಿಂದ ಬಿಡಬಹುದು," ಎಂದೆ.

"ಕಟ್ಟಡ ನಡುಗಿತು ಅಂದ್ರಿ."

"ಬಾಗಿಲು ಬಡಿದೆ ಮೇಡಂ. ಅದಕ್ಕೆ ನಡುಗಿತು."

ಅಷ್ಟರಲ್ಲಿ ಬಾಗಿಲು ತೆರೆಯಿತು. ಎದುರಿಗೆ ಅಜ್ಜಿ. ಎತ್ತರ ನನ್ನ ಮೊಣಕೈಯಷ್ಟು. ಮೂವತ್ತನಾಲ್ಕು ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ ನರ್ಸ್ ಆಗಿದ್ದವರು. ಎದುರು ನಿಂತವನನ್ನು ರೋಗಿ ಅಥವಾ ರೋಗಿಯ ಕಡೆಯವನು, ಈ ಎರಡರಲ್ಲೊಂದು ಎಂದು ನೋಡುವ ಕಣ್ಣು.

"ಬೆಲ್ ಹೊಡೆದು ಹೊರಗೇ ಮಾತಾಡ್ತಿದ್ದೀರಲ್ಲಪ್ಪಾ. ಒಳಗೆ ಬನ್ನಿ. ಚಹಾ ಆಗಿದೆ."

ಅಜ್ಜಿಯ ಕಿವಿಯ ಮೇಲಿದ್ದ ಸಂಶಯವೂ ಅಲ್ಲಿಗೆ ಹೋಯಿತು.

ಒಳಗೆ ಪುಟ್ಟ ನಡುಮನೆ. ಗೋಡೆಯ ತುಂಬ ಪದಕ. ಟೇಬಲ್ಲಿನ ಮೇಲೆ ನಮ್ಮ ಸಂಸ್ಥೆಯ ಕಾಗದ, ಅದರ ಮೇಲೆ ಹಾರದ ಹಾಗೆ ಒಂದು ಓಟದ ಬೂಟು. ಚಿಗರಿ ಕುರ್ಚಿಯ ತುದಿಯಲ್ಲಿ ಕೂತಿದ್ದ. ಇಪ್ಪತ್ತಮೂರು ವರ್ಷ, ಮೈಯೆಲ್ಲ ಕಾಲು. ಹನ್ನೊಂದು ದಿನದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲವೆಂದು ನೋಡಿದರೇ ಗೊತ್ತಾಗುತ್ತಿತ್ತು. ಪಕ್ಕದಲ್ಲಿ ಅವನ ಕೋಚ್, ಕೊರಳಲ್ಲಿ ಸೀಟಿ, ಮುಖದಲ್ಲಿ ಸಮಾಧಾನ. ಎದುರು ರಸ್ತೆಯಲ್ಲಿರುವ ವ್ಯಾಯಾಮ ಶಾಲೆ ಅವರದೇ. ನನ್ನನ್ನು ನೋಡಿದವರೇ ಸೀಟಿಯನ್ನು ಬೆರಳಲ್ಲಿ ತಿರುಗಿಸತೊಡಗಿದರು. ನಾನು ಪದಕಗಳನ್ನು ಎಣಿಸತೊಡಗಿದೆ.

ಅಜ್ಜಿ ದೊಡ್ಡ ಲೋಟದಲ್ಲಿ ಚಹಾ ತಂದರು. ಕುಡಿದೆ. ನೀರು ತಂದರು. ಕುಡಿದೆ.

"ಇನ್ನೊಂದು ಲೋಟ ತಗೊಳ್ಳಿ. ಮೂರು ಮಹಡಿ ಹತ್ತಿ ಬಂದಿದ್ದೀರಿ."

"ಮೂರಲ್ಲಜ್ಜಿ, ಮೂವತ್ತು ಮಹಡಿ ಹತ್ತಿದರೂ ನನಗೆ ದಾಹ ಆಗಲ್ಲ," ಎಂದು ಅದನ್ನೂ ಕುಡಿದೆ.

ಮೇಡಂ ನೇರ ವಿಷಯಕ್ಕೆ ಬಂದರು. "ಅಜ್ಜಿ, ಒಂಬತ್ತನೇ ತಾರೀಖು ಬೆಳಿಗ್ಗೆ ಏನೇನಾಯ್ತು? ನೆನಪಿರೋದಷ್ಟೇ ಹೇಳಿ."

"ನೆನಪಿಲ್ಲದೆ ಏನಮ್ಮಾ. ಕರೆಂಟ್ ಇರಲಿಲ್ಲ. ಆರು ಗಂಟೆಗೆ ಇವನು ಸ್ನಾನಕ್ಕೆ ಹೋದ. ನಾನು ಅಡುಗೆಮನೆಯಲ್ಲಿದ್ದೆ. ಆರೂಕಾಲಿಗೆ ನೆಲ ಒರೆಸೋಕೆ ಶುರು ಮಾಡಿದೆ. ಒಳಗೆ ಕತ್ತಲು, ನೆಲ ಕಾಣಬೇಕಲ್ಲ, ಅದಕ್ಕೆ ಈ ಬಾಗಿಲು ಪೂರ್ತಿ ತೆಗೆದಿಟ್ಟೆ."

"ಎಷ್ಟು ಹೊತ್ತು?"

"ಏಳಕ್ಕೆ ಇವನು ಅಭ್ಯಾಸಕ್ಕೆ ಹೊರಡೋವರೆಗೂ. ನೆಲ ಒಣಗಬೇಕಲ್ಲ."

ಮೇಡಂ ನನ್ನ ಕಡೆ ತಿರುಗಿದರು. ನನ್ನ ಫಾರಂ ಅವರ ಕೈಯಲ್ಲಿತ್ತು. "ಆರು ಇಪ್ಪತ್ತು, ಬಾಗಿಲು ಬಡಿದೆ, ಉತ್ತರವಿಲ್ಲ. ಆರು ಮೂವತ್ತು, ಬಾಗಿಲು ಬಡಿದೆ, ಉತ್ತರವಿಲ್ಲ. ತೆರೆದಿರೋ ಬಾಗಿಲನ್ನ ಹೇಗೆ ಬಡಿದ್ರಿ?"

"ಮೇಡಂ, ಮನೆಯವರು ಸಾವಿರ ಹೇಳ್ತಾರೆ. ಮೊಮ್ಮಗನ ಪ್ರಶ್ನೆ. ಸಾಕ್ಷಿ ಬೇಕು, ಸಾಕ್ಷಿ!"

"ಅದೂ ಸರಿ," ಎಂದರು ಮೇಡಂ. ಅವರು ನನ್ನನ್ನು ಒಪ್ಪಿದ್ದು ಹದಿನಾರು ವರ್ಷಗಳಲ್ಲಿ ಅದೇ ಮೊದಲು. ಅನುಭವಿಸಲು ಸಮಯ ಸಿಗಲಿಲ್ಲ.

"ಇವನನ್ನೇ ಕೇಳಿ," ಎಂದರು ಅಜ್ಜಿ. "ನಾನು ಒರೆಸ್ತಾ ಇದ್ದರೆ, ಇವನು ಈ ಮೂಲೆಯಲ್ಲಿ ಫೋನ್ ಇಟ್ಕೊಂಡು ಅದರ ಮುಂದೆ ಕಾಲು ಮೇಲೆತ್ತಿ ಮಲಗಿದ್ದ. ಒದ್ದೆ ನೆಲದ ಮೇಲೆ ಮಲಗಬೇಡವೋ ಅಂತ ಬೈದೆ."

"ಫೋನ್ ಯಾಕೆ?" ಮೇಡಂ ಧ್ವನಿ ಚೂಪಾಯಿತು.

"ದಿನಾ ಬೆಳಿಗ್ಗೆ ಮಾಡೋ ವ್ಯಾಯಾಮದ ವಿಡಿಯೋ ಕೋಚ್ ಸಾರ್‌ಗೆ ಕಳಿಸ್ಬೇಕು ಮೇಡಂ," ಎಂದ ಚಿಗರಿ. ಹೇಳುತ್ತಾ ಹೇಳುತ್ತಾ ಅವನ ಕಣ್ಣುಗಳು ಅಗಲವಾದವು. "ನನ್ನ ಫೋನಲ್ಲಿ ವಾರಕ್ಕೆ ಅಳಿಸಿಹೋಗುತ್ತೆ. ಆದರೆ... ಸಾರ್, ನಿಮ್ಮ ಹತ್ರ ಇರುತ್ತಲ್ವಾ?"

ಸೀಟಿ ತಿರುಗುವುದು ನಿಂತಿತು.

"ಇರ್ಬೇಕೇನೋ," ಎಂದರು ಕೋಚ್. "ದಿನಾ ಇಪ್ಪತ್ತು ಜನರದ್ದು ಬರುತ್ತೆ. ಹುಡುಕೋದು ಕಷ್ಟ. ನಿಧಾನಕ್ಕೆ ನೋಡಿ ಕಳಿಸ್ತೀನಿ."

ಮೇಡಂ ಅಂಗೈ ಚಾಚಿದರು. ಫೋನ್ ಬಂತು.

ವಿಡಿಯೋ ಮೂವತ್ತೈದು ನಿಮಿಷದ್ದು. ಆರು ಇಪ್ಪತ್ತರಿಂದ ಆರು ಐವತ್ತೈದು. ಮುಂದೆ ಚಿಗರಿಯ ಕಾಲು, ಹಿಂದೆ ಒಮ್ಮೊಮ್ಮೆ ಅಜ್ಜಿಯ ಸೆರಗು, ಇನ್ನೂ ಹಿಂದೆ ಹಾ ಎಂದು ತೆರೆದ ಬಾಗಿಲು. ಹೊಸ್ತಿಲಾಚೆ ಮೆಟ್ಟಿಲವರೆಗೂ ಎಲ್ಲ ಸ್ಪಷ್ಟ. ಒಂದು ಬೆಕ್ಕು ಬಂತು, ಕೂತಿತು, ಮೈ ನೆಕ್ಕಿಕೊಂಡಿತು, ಹೋಯಿತು. ಬೇರೆ ಯಾರೂ ಬರಲಿಲ್ಲ.

"ನೀವೆಲ್ಲಿ?" ಎಂದರು ಮೇಡಂ.

"ಕ್ಯಾಮೆರಾ ಕಣ್ಣಿಗೆ ಬೀಳದ ಹಾಗೆ ನಿಲ್ಲೋದು ನನ್ನ ಹದಿನಾರು ವರ್ಷದ ಸಾಧನೆ ಮೇಡಂ. ಆ ಬೆಕ್ಕಿನ ಹಿಂದೆ..."

"ಬೆಕ್ಕಿನ ಹಿಂದೆ?"

ಸಮಸ್ಯೆ ಬೇರೆಯೇ ಶುರುವಾಗಿತ್ತು. ಒಂದು ಲೋಟ ಚಹಾ, ಎರಡು ಲೋಟ ನೀರು. ಅಜ್ಜಿ ಮೂರನೆಯದನ್ನು ಹಿಡಿದು ನಿಂತಿದ್ದರು. ನಾನು ಕಾಲಿನ ಮೇಲೆ ಕಾಲು ಹಾಕಿದೆ. ಆಮೇಲೆ ಬದಲಿಸಿದೆ. ಪತ್ತೇದಾರನ ತಲೆಗೆ ಎಷ್ಟು ಕೆಲಸ ಕೊಟ್ಟರೂ ತಡೆದುಕೊಳ್ಳುತ್ತದೆ. ದೇಹದ ಕೆಳಗಿನ ವಿಭಾಗಕ್ಕೆ ಆ ಶಿಸ್ತಿಲ್ಲ.

"ಅಜ್ಜಿ, ಬಚ್ಚಲು ಎಲ್ಲಿ?"

"ಆ ಕೊನೆಗೆ. ಹೋಗಪ್ಪಾ."

ಎದ್ದೆ. ನಡೆದೆ. ನನ್ನ ನಡಿಗೆಯನ್ನು ಕಂಡು ಸೇನೆಯವರು ಕಲಿಯಲು ಬಂದಿದ್ದುಂಟು. ಆದರೆ ಆ ಹೊತ್ತಿಗೆ ಮಂಡಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಮಾದರಿ ಬಾಟಲಿಗಳಿರುವ, ಎಲ್ಲೂ ಬಿಟ್ಟು ಹೋಗಬಾರದ ನೀಲಿ ಕಿಟ್ ಪೆಟ್ಟಿಗೆಯನ್ನು ಹೊಟ್ಟೆಗೆ ಅವುಚಿಕೊಂಡು, ಕಿರುಹೆಜ್ಜೆ ಹಾಕಿದೆ.

"ಅಲ್ಲೇ ನಿಲ್ಲಪ್ಪಾ!" ಎಂದರು ಅಜ್ಜಿ.

ನಿಂತೆ. ನಿಲ್ಲುವುದೇ ಹಿಂಸೆ.

"ನೋಡಮ್ಮಾ," ಎಂದು ಅಜ್ಜಿ ಮೇಡಂಗೆ ಹೇಳಿದರು. "ಇದೇ ನಡಿಗೆ. ಅವತ್ತು ಆರು ಹತ್ತಕ್ಕೆ ಅಡುಗೆಮನೆ ಕಿಟಕಿಯಿಂದ ನೋಡಿದೆ. ಒಬ್ಬ ಗಂಡಸು ನೀಲಿ ಪೆಟ್ಟಿಗೆ ಅವುಚ್ಕೊಂಡು, ಥೇಟ್ ಹೀಗೇ, ರಸ್ತೆ ದಾಟ್ತಿದ್ದ. ಪಾಪ, ಅರ್ಜೆಂಟು ಅಂದ್ಕೊಂಡೆ. ಮುಖ ಕಾಣಲಿಲ್ಲ. ಆದರೆ ಮೂವತ್ತನಾಲ್ಕು ವರ್ಷ ವಾರ್ಡಲ್ಲಿ ದುಡಿದೋಳಿಗೆ ಮುಖ ಯಾಕೆ ಬೇಕು? ಇವತ್ತು ಇವರು ಒಳಗೆ ಬರೋವಾಗ ಈ ಪೆಟ್ಟಿಗೆ ನೋಡಿದೆ. ಸ್ವಲ್ಪ ನೀರು ಕುಡಿಸಿ ನೋಡೋಣ ಅನ್ನಿಸ್ತು."

ಹದಿನಾರು ವರ್ಷ ಕ್ರೀಡಾಪಟುಗಳಿಗೆ ನೀರು ಕುಡಿಸಿ, ಎದುರು ಕೂತು, ಈಗ ಬಂತಾ, ಈಗ ಬಂತಾ ಎಂದು ಕೇಳುತ್ತಾ ಬಂದವನು ನಾನು. ಆ ವಿದ್ಯೆಯನ್ನು ನನ್ನ ಮೇಲೇ ಯಾರಾದರೂ ಬಳಸಬಹುದೆಂದು ನನಗೆ ಹೊಳೆದಿರಲಿಲ್ಲ.

"ಮೊದಲು ಹೋಗಿ ಬರ್ತೀನಿ ಮೇಡಂ."

"ಹೋಗಿ," ಎಂದರು ಮೇಡಂ. "ಚಿಗರಿ, ಜೊತೆಗೆ ಹೋಗಪ್ಪಾ. ಮಾದರಿ ಕೊಡೋವರೆಗೂ ಮನುಷ್ಯನ್ನ ಕಣ್ಣಿನಿಂದ ಮರೆಯಾಗೋಕೆ ಬಿಡಬಾರದು. ನಿಯಮ."

ಹುಡುಗ ಬಚ್ಚಲಿನ ಹೊರಗೆ ನಿಂತು ಗಂಭೀರವಾಗಿ, "ಅವಸರ ಇಲ್ಲ ಸಾರ್, ಆರಾಮಾಗಿ," ಎಂದ. ಹನ್ನೊಂದು ದಿನದಲ್ಲಿ ಅವನ ಮುಖದಲ್ಲಿ ಮೊದಲ ನಗು ಬಂದದ್ದು ಆಗಲೇ ಇರಬೇಕು. ಬಾಗಿಲು ಮುಚ್ಚಿತ್ತು, ನನಗೆ ಕಾಣಲಿಲ್ಲ.

ಹೊರಗೆ ಬಂದಾಗ ಮೇಡಂ ಹೊಸ ಹಾಳೆ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ ಕೂತಿದ್ದರು.

"ಈಗ ಹಗುರಾಗಿದ್ದೀರಿ. ಹೇಳಿ."

ಆ ಹುಡುಗನ ಬೂಟು ನನ್ನ ಎದುರಿಗೇ ಇತ್ತು. ಹಿಮ್ಮಡಿ ಸವೆದು ತೆಳ್ಳಗಾಗಿತ್ತು. ಎರಡು ವರ್ಷ ಎಂದರೆ ಎಂಟುನೂರು ಮೀಟರಿನವನಿಗೆ ಅರ್ಧ ಆಯುಷ್ಯ. ಸುಳ್ಳು ಹೇಳಲು ಬಾಯಿ ತೆರೆದೆ. ಜೀವನದಲ್ಲಿ ಮೊದಲ ಸಲ ಅದರಿಂದ ಏನೂ ಹೊರಡಲಿಲ್ಲ.

"ಆರು ಗಂಟೆಗೆ ಬಂದೆ ಮೇಡಂ. ಬೆಲ್ ಒತ್ತಿದೆ, ಸದ್ದು ಬರಲಿಲ್ಲ. ಬಾಗಿಲು ತಟ್ಟಿದೆ. ಮೆತ್ತಗೆ ತಟ್ಟಿದೆ. ಜೋರಾಗಿ ತಟ್ಟೋ ಸ್ಥಿತಿ ಇರಲಿಲ್ಲ. ಬರೋ ದಾರಿಯಲ್ಲಿ ಎರಡು ಚಹಾ ಕುಡಿದಿದ್ದೆ. ಆರು ಎಂಟಕ್ಕೆ ಕೆಳಗಿಳಿದೆ."

"ವಾಪಸ್ ಬಂದಿದ್ದು?"

"ಏಳು ಗಂಟೆ ಮೂರು ನಿಮಿಷಕ್ಕೆ. ಅಷ್ಟೊತ್ತಿಗೆ ಬಾಗಿಲು ಮುಚ್ಚಿತ್ತು. ಕೆಳಗಿನ ಮೆಟ್ಟಿಲ ಮೇಲೆ ಕೂತು ಆರೂ ಸಾಲು ಒಟ್ಟಿಗೆ ಬರೆದೆ."

ಅಜ್ಜಿ ಟೇಬಲ್ಲಿನ ಅಂಚು ಹಿಡಿದು ಕೂತರು. ಚಿಗರಿ ಉಸಿರು ಬಿಟ್ಟದ್ದು ಕೋಣೆಗೆಲ್ಲ ಕೇಳಿಸಿತು. ಮೇಡಂ ನನ್ನ ಹಳೆಯ ಫಾರಂನ ಮೇಲೆ ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದರು.

"ಮೂರನೇದು ರದ್ದು. ಭಾನುವಾರ ಓಡಪ್ಪಾ," ಎಂದರು. ಪೆನ್ನು ಕೆಳಗಿಡಲಿಲ್ಲ. "ಒಂದು ಮಾತು ಮಾತ್ರ ಅರ್ಥ ಆಗ್ಲಿಲ್ಲ. ಹೋಗಿ ಬರೋಕೆ ಐವತ್ತೈದು ನಿಮಿಷ?"

ನಾನು ಕೋಚ್ ಕಡೆ ನೋಡಿದೆ. ಕೋಚ್ ನನ್ನ ಕಡೆ ನೋಡಿದರು. ಒಂಬತ್ತನೆಯ ತಾರೀಖು ಬೆಳಿಗ್ಗೆಯೂ ನಾವಿಬ್ಬರೂ ಹೀಗೇ ನೋಡಿಕೊಂಡಿದ್ದೆವು.

"ಎದುರಿನ ವ್ಯಾಯಾಮ ಶಾಲೆಗೆ ಹೋಗಿದ್ದೆ ಮೇಡಂ. ಬಾಗಿಲು ತೆರೆದಿತ್ತು. ಕೆಲಸ ಮುಗಿಸಿದೆ. ಬಾಯಿ ಒಣಗಿತ್ತು. ಹಿಂದಿನ ಕೋಣೆಯಲ್ಲಿ ಒಂದು ಫ್ರಿಜ್ ಇತ್ತು, ತೆಗೆದೆ. ಸಾಲಾಗಿ ಆರು ಬಾಟಲಿ. ಹಣ್ಣಿನ ರಸ ಅಂದ್ಕೊಂಡು ಒಂದರ ಮುಚ್ಚಳ ಬಿಚ್ಚಿದೆ."

"ಕುಡಿದ್ರಾ?" ಎಂದರು ಅಜ್ಜಿ, ನರ್ಸಿನ ಧ್ವನಿಯಲ್ಲಿ.

"ಮೂಗು ಕಾಪಾಡ್ತು ಅಜ್ಜಿ."

ಮೇಡಂ ಮುಖದ ಬಣ್ಣ ಬದಲಾಯಿತು. ಫ್ರಿಜ್ಜಿನಲ್ಲಿ ಮೂತ್ರ ಯಾಕಿಡುತ್ತಾರೆಂದು ನಮ್ಮ ಕಸುಬಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮದ್ದು ತಗೊಂಡವನು ಪರೀಕ್ಷೆಯ ದಿನ ಬಟ್ಟೆಯೊಳಗೆ ಬಚ್ಚಿಟ್ಟುಕೊಂಡು ತರುವುದು ಬೇರೊಬ್ಬನ ಶುದ್ಧ ಮಾದರಿಯನ್ನು.

"ಬಾಟಲಿ ಮೇಲೆ ಹೆಸರಿತ್ತಾ?"

"ಹೆಸರಿಲ್ಲ. ತಾರೀಖು ಇತ್ತು. ನೋಡ್ತಾ ನಿಂತುಬಿಟ್ಟೆ, ಹೊತ್ತು ಹೋಗಿದ್ದು ಗೊತ್ತಾಗ್ಲಿಲ್ಲ. ಆರೂ ತಾರೀಖು ಮುಂದಿನವು ಮೇಡಂ. ಆರೂ ನನ್ನ ಡ್ಯೂಟಿ ಪಟ್ಟಿಯವು. ಹೊರಗೆ ಬರೋವಾಗ ಬಾಗಿಲಲ್ಲಿ ಕೋಚ್ ಎದುರಾದರು. ಅವರು ನನ್ನನ್ನ ಇಲ್ಲಿ ಯಾಕೆ ಅಂತ ಕೇಳಲಿಲ್ಲ. ನಾನೂ ಅವರನ್ನ ಏನೂ ಕೇಳಲಿಲ್ಲ."

ಚಿಗರಿ ನಿಧಾನವಾಗಿ ಎದ್ದ.

"ಸಾರ್. ಬಾಟ್ಲಿ ಸಾರ್ ಆ ಹೊತ್ತಲ್ಲಿ ನಮ್ಮ ಬಾಗಿಲಲ್ಲಿ ಇರಲಿಲ್ಲ ಅಂತ ನಿಮಗೆ ಗೊತ್ತಿತ್ತಾ? ಹನ್ನೊಂದು ದಿನದಿಂದ?"

ಕೋಚ್ ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದರು.

"ನಾನು ನಿಮ್ಮ ಮುಂದೆ ಕೂತು ಅತ್ತೆ ಸಾರ್. ವಿಡಿಯೋ ನಿಮ್ಮ ಜೇಬಲ್ಲೇ ಇತ್ತು."

"ಆ ಫ್ರಿಜ್ಜಲ್ಲಿ ನಿನಗೋಸ್ಕರ ಇಟ್ಟ ಬಾಟಲಿ ಒಂದೂ ಇಲ್ಲ ಕಣೋ," ಎಂದರು ಕೋಚ್. ಸಮಾಧಾನವೆಲ್ಲ ಮುಖದಿಂದ ಇಳಿದುಹೋಗಿತ್ತು. "ನಿನಗೆ ಬೇಕಾಗೂ ಇರಲಿಲ್ಲ."

"ಹಾಗಾದರೆ ಯಾರದು?" ಎಂದರು ಮೇಡಂ.

"ಅದು ಆಮೇಲೆ." ಕೋಚ್ ಸೀಟಿಯ ದಾರವನ್ನು ಕೊರಳಿಂದ ಬಿಚ್ಚಿ ಟೇಬಲ್ಲಿನ ಮೇಲಿಟ್ಟರು. "ಮೊದಲು ಇದನ್ನ ಕೇಳಿ. ಆ ತಾರೀಖುಗಳು ನಿಮ್ಮನ್ನೂ ಇವರನ್ನೂ ಬಿಟ್ಟು ಇನ್ಯಾರಿಗೂ ಗೊತ್ತಿರಬಾರದು ಅಲ್ವಾ? ನನಗೆ ಹೇಗೆ ಗೊತ್ತಾಯ್ತು ಅಂತ ಇವರನ್ನೇ ಕೇಳಿ ಮೇಡಂ."

ಎಲ್ಲರ ಕಣ್ಣೂ ನನ್ನ ಮೇಲೆ ಬಿದ್ದವು. ಬೇರೆ ದಿನವಾಗಿದ್ದರೆ ನನಗೆ ಇಷ್ಟವಾಗುತ್ತಿತ್ತು.

ಲಂಚ ತಗೊಂಡೆ ಎಂದು ಹೇಳಿದ್ದರೂ ಸ್ವಲ್ಪ ಮರ್ಯಾದೆ ಉಳಿಯುತ್ತಿತ್ತೇನೋ. ಅದೂ ಇರಲಿಲ್ಲ.

"ನಾನೇ ಮೇಡಂ," ಎಂದೆ. "ಹೋದ ತಿಂಗಳು ಸ್ಟೇಡಿಯಂ ಕ್ಯಾಂಟೀನಿನಲ್ಲಿ ಕೂತಿದ್ದೆ. ನನ್ನ ಜ್ಞಾಪಕಶಕ್ತಿಯ ಮಾತು ಬಂತು. ಒಂದು ಸಲ ಓದಿದ್ದು ನಾನು ಮರೆಯಲ್ಲ ಅಂದೆ. ಯಾರೋ, ತೋರಿಸಿ ನೋಡೋಣ ಅಂದ್ರು. ಈ ತಿಂಗಳ ಪಟ್ಟಿ ಪೂರ್ತಿ, ತಾರೀಖು, ಊರು, ಹೊತ್ತು, ಎಲ್ಲಾ ಕಣ್ಣು ಮುಚ್ಕೊಂಡು ಒಪ್ಪಿಸಿಬಿಟ್ಟೆ."

ಮೇಡಂ ಪೆನ್ನು ಹಾಳೆಯ ಮೇಲೆ ನಿಂತೇ ಇತ್ತು. "ಎಷ್ಟು ಜನ ಕೇಳಿಸಿಕೊಂಡ್ರು?"

"ಕಣ್ಣು ಮುಚ್ಚಿದ್ದೆ ಮೇಡಂ, ಯಾರ್ಯಾರಿದ್ದರು ಅಂತ ನೋಡಲಿಲ್ಲ. ಆದರೆ ಮುಗಿಸಿದಾಗ ಚಪ್ಪಾಳೆ ಬಿತ್ತು. ಒಬ್ಬಿಬ್ಬರ ಚಪ್ಪಾಳೆ ಅಲ್ಲ. ಇದೊಂದು ಮಾತಲ್ಲಿ ನಾನು ಉತ್ಪ್ರೇಕ್ಷೆ ಮಾಡ್ತಿಲ್ಲ."